ಸಂತಾನಭಾಗ್ಯ: ಪಶ್ಚಿಮ ತಾಲ್ಲೂಕುಗಳಲ್ಲಿ ತಪಾಸಣೆ ಹೆಣ್ಣಿಗೆ, ಮೌನ ಗಂಡಿಗೆ

ಹೊಸಪೇಟೆ: ಮದುವೆಯಾಗಿ ವರ್ಷ ತುಂಬುವ ಮೊದಲೇ ಸೊಸೆಯನ್ನು ನೆರೆಹೊರೆಯವರು ಕೇಳುವ ಪ್ರಶ್ನೆ ಒಂದೇ: ‘ಏನಾರ ವಿಶೇಷ ಐತೇನವ್ವ?’ ಮಗನನ್ನು ಯಾರೂ ಹಾಗೆ ಕೇಳುವುದಿಲ್ಲ. ಎರಡನೇ ವರ್ಷ ಹರಕೆಗಳು ಆರಂಭವಾಗುತ್ತವೆ, ಮೂರನೇ ವರ್ಷ ಆಸ್ಪತ್ರೆಯ ಅಲೆದಾಟ. ಅಲ್ಲಿಯೂ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ ಎಂದು ಹೆಂಡತಿಯ ಕಡತವೇ ದಪ್ಪಗಾಗುತ್ತ ಹೋಗುತ್ತದೆ. ಆ ಕಡತವನ್ನು ಹಿಡಿದು ಹೊರಗಿನ ಬೆಂಚಿನ ಮೇಲೆ ಕುಳಿತ ಗಂಡನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ, ಬಂದರೆ. ಪರೀಕ್ಷೆಗಳ ಪೈಕಿ ಅತ್ಯಂತ ಅಗ್ಗದ, ನೋವಿಲ್ಲದ, ಸೂಜಿ ಚುಚ್ಚದ ಪರೀಕ್ಷೆ ಆತನದೇ ಎಂಬುದು ಇಲ್ಲಿನ ವಿಪರ್ಯಾಸ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಅವಿಭಜಿತ ಬಳ್ಳಾರಿ ಜಿಲ್ಲೆಯ ‘ಪಶ್ಚಿಮ ತಾಲ್ಲೂಕು’ಗಳೆಂದೇ ಪರಿಚಿತ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ರಚನೆಯಾದಾಗ ಇವೆಲ್ಲ ಅದರ ತೆಕ್ಕೆಗೆ ಬಂದವು. ಆಡಳಿತ ಹತ್ತಿರವಾಯಿತಾದರೂ ಸಂತಾನಹೀನತೆಯ ಉನ್ನತ ಚಿಕಿತ್ಸೆಗೆ ಈ ಭಾಗದ ದಂಪತಿಗಳು ಇಂದಿಗೂ ದಾವಣಗೆರೆ, ಹುಬ್ಬಳ್ಳಿ, ಬಳ್ಳಾರಿ ಅಥವಾ ಬೆಂಗಳೂರಿನತ್ತಲೇ ಮುಖ ಮಾಡುತ್ತಾರೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳಿಗೆ ಹೊಸಪೇಟೆ–ಹರಿಹರ ರೈಲು ಮಾರ್ಗವಾದರೂ ಇದೆ. ಕೂಡ್ಲಿಗಿ, ಹಡಗಲಿಯವರಿಗೆ ಬಸ್ಸೇ ಗತಿ.

ಪ್ರಯಾಣವೊಂದೇ ಅಡ್ಡಿಯಾಗಿದ್ದರೆ ಅದಕ್ಕೆ ಪರಿಹಾರ ಕಷ್ಟವಿರಲಿಲ್ಲ. ಮನೆಯಲ್ಲೂ ಆಸ್ಪತ್ರೆಯಲ್ಲೂ ಯಾರೂ ಬಾಯಿ ಬಿಡದ ಎರಡು ಸಂಗತಿಗಳು ಇಲ್ಲಿ ವರ್ಷಗಳನ್ನೂ ಹಣವನ್ನೂ ನುಂಗುತ್ತಿವೆ. ಒಂದು, ಗಂಡಸಿನ ದಿನನಿತ್ಯದ ಚಟ ಮತ್ತು ದುಡಿಮೆ. ಇನ್ನೊಂದು, ಸತಿಪತಿಗಳ ನಡುವಿನ ಸಾಂಗತ್ಯ.

ಆರರಲ್ಲಿ ಒಬ್ಬರು

ಪ್ರಪಂಚದ ವಯಸ್ಕರಲ್ಲಿ ಸುಮಾರು ಶೇ 17.5ರಷ್ಟು ಮಂದಿ, ಅಂದರೆ ಸರಿಸುಮಾರು ಆರರಲ್ಲಿ ಒಬ್ಬರು, ಜೀವನದ ಯಾವುದಾದರೊಂದು ಹಂತದಲ್ಲಿ ಸಂತಾನಹೀನತೆಯನ್ನು ಅನುಭವಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿ ಹೇಳಿತ್ತು. ಶ್ರೀಮಂತ ದೇಶ, ಬಡ ದೇಶ ಎಂಬ ಭೇದ ಈ ಪ್ರಮಾಣದಲ್ಲಿ ಹೆಚ್ಚೇನೂ ಕಾಣಲಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಪಾಲೂ ಇರುತ್ತದೆ. ಕೆಲವೆಡೆ ಆತನದೇ ಪೂರ್ಣ ಪಾಲು, ಉಳಿದೆಡೆ ಇಬ್ಬರದೂ ಕೂಡಿದ ಕಾರಣ.

ಆದರೆ ನಮ್ಮ ಭಾಷೆಯೇ ಈ ಲೆಕ್ಕವನ್ನು ಒಪ್ಪುವುದಿಲ್ಲ. ‘ಬಂಜೆ’ ಎಂಬ ಪದ ಹೆಣ್ಣಿಗೆ ಮಾತ್ರ ಅಂಟುತ್ತದೆ. ಗಂಡಿಗೆ ಬಳಸುವ ‘ಷಂಡ’ ಎಂಬ ಬೈಗುಳ ಲೈಂಗಿಕ ಶಕ್ತಿಗೆ ಸಂಬಂಧಿಸಿದ್ದೇ ಹೊರತು ಸಂತಾನಶಕ್ತಿಗಲ್ಲ. ಇವೆರಡೂ ಬೇರೆ ಬೇರೆ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ, ಗಟ್ಟಿಮುಟ್ಟಾದ ಯುವಕನ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿರಬಹುದು. ಈ ವ್ಯತ್ಯಾಸ ತಿಳಿಯದ ಕಾರಣಕ್ಕೇ ‘ವೀರ್ಯ ಪರೀಕ್ಷೆ’ ಎಂದೊಡನೆ ಗಂಡಸು ಅದನ್ನು ತನ್ನ ಗಂಡಸ್ತನದ ಪರೀಕ್ಷೆ ಎಂದುಕೊಂಡು ಜಾರಿಕೊಳ್ಳುತ್ತಾನೆ.

ಸರ್ಕಾರಿ ವ್ಯವಸ್ಥೆಗೂ ಇದು ಹೊಸ ವಿಷಯವೇ. 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿಸಿದ ದೇಶ ನಮ್ಮದು. ಹೆರಿಗೆ ಮುಂದೂಡುವುದು, ನಿಲ್ಲಿಸುವುದು ಹೇಗೆಂದು ಹೇಳಿಕೊಡಲು ಹಳ್ಳಿ ಹಳ್ಳಿಯಲ್ಲಿ ಜನರಿದ್ದಾರೆ. ಹೆರಿಗೆ ಆಗದವರಿಗೆ ಏನು ಹೇಳಬೇಕೆಂಬುದು ಅವರ ಕೈಪಿಡಿಯಲ್ಲಿ ಹಿಂದಿನ ಪುಟಕ್ಕೆ ಸರಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಒಂದೆರಡು ಮಕ್ಕಳಿಗೆ ಸಾಕು ಎನ್ನುವ ಕಾಲದಲ್ಲಿ ಆ ಒಂದೂ ಆಗದಿದ್ದಾಗಿನ ನೋವು ಹಗುರವಾಗಿಲ್ಲ, ಬದಲಿಗೆ ಇನ್ನಷ್ಟು ಎದ್ದು ಕಾಣುತ್ತಿದೆ.

ಜೇಬಿನಲ್ಲಿರುವ ಚೀಟಿ

ಜೀವನಶೈಲಿ ಎಂದ ಕೂಡಲೇ ಬೆಂಗಳೂರಿನ ಐಟಿ ಉದ್ಯೋಗಿ, ರಾತ್ರಿ ಪಾಳಿ, ಪಿಜ್ಜಾ ಎಂಬ ಚಿತ್ರ ಕಣ್ಣ ಮುಂದೆ ಬರುತ್ತದೆ. ಪಶ್ಚಿಮ ತಾಲ್ಲೂಕುಗಳ ಜೀವನಶೈಲಿಯ ಮೊದಲ ಗುರುತು ಅಂಗಿಯ ಜೇಬಿನಲ್ಲಿರುವ ತಂಬಾಕಿನ ಚೀಟಿ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅನಂತರ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದವು. ಬಾಯಿಯೊಳಗೆ ಎರಡೂ ಸೇರಿದರೆ ಗುಟ್ಕಾ ಸಿದ್ಧ.

ತಂಬಾಕು ಎಂದರೆ ಬಾಯಿ ಕ್ಯಾನ್ಸರ್ ಎಂಬ ಎಚ್ಚರಿಕೆ ಜನರಿಗೆ ತಲುಪಿದೆ. ಅದು ವೀರ್ಯಾಣುವಿಗೂ ಶತ್ರು ಎಂಬುದು ತಲುಪಿಲ್ಲ. ಮುಂಬೈಯ ಸಂತಾನಹೀನತೆ ಚಿಕಿತ್ಸಾ ಕೇಂದ್ರಕ್ಕೆ ಬಂದಿದ್ದ 600ಕ್ಕೂ ಹೆಚ್ಚು ಪುರುಷರನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ತಂಬಾಕು ಜಗಿಯುವ ಪ್ರಮಾಣ ಏರಿದಂತೆ ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ ಎಲ್ಲವೂ ಇಳಿಯುವುದನ್ನು ಗುರುತಿಸಿತ್ತು. ಬೀಡಿ, ಸಿಗರೇಟಿನ ವಿಷಯದಲ್ಲಂತೂ ಸಾಕ್ಷ್ಯ ಇನ್ನೂ ಹಳೆಯದು. ಧೂಮಪಾನಿಗಳು ಪ್ರನಾಳ ಶಿಶು ಚಿಕಿತ್ಸೆಗೆ ಹೋದರೆ ಗರ್ಭ ನಿಲ್ಲಲು ಉಳಿದವರಿಗಿಂತ ಸುಮಾರು ಎರಡು ಪಟ್ಟು ಯತ್ನ ಬೇಕಾದೀತು ಎಂಬುದು ಅಮೆರಿಕದ ಸಂತಾನ ವೈದ್ಯಕೀಯ ತಜ್ಞರ ಲೆಕ್ಕಾಚಾರ. ಒಂದು ಯತ್ನಕ್ಕೆ ಲಕ್ಷದ ಮೇಲೆ ಖರ್ಚಾಗುವಾಗ ದಿನದ ಹತ್ತಿಪ್ಪತ್ತು ರೂಪಾಯಿಯ ಚಟ ನಿಜಕ್ಕೂ ಎಷ್ಟು ದುಬಾರಿ ಎಂಬುದನ್ನು ಊಹಿಸಬಹುದು.

ಇದರಲ್ಲೊಂದು ಆಶಾದಾಯಕ ಸಂಗತಿಯೂ ಇದೆ. ಹೆಣ್ಣಿನ ಅಂಡಾಣುಗಳು ಹುಟ್ಟುವಾಗಲೇ ಎಣಿಸಿಟ್ಟಂತೆ ಬರುತ್ತವೆ, ಮತ್ತೆ ಹೆಚ್ಚುವುದಿಲ್ಲ. ಗಂಡಿನ ವೀರ್ಯಾಣು ಹಾಗಲ್ಲ. ಒಂದು ವೀರ್ಯಾಣು ರೂಪುಗೊಂಡು ಸಿದ್ಧವಾಗಲು ಸುಮಾರು ಎರಡೂವರೆಯಿಂದ ಮೂರು ತಿಂಗಳು ಸಾಕು. ಇಂದು ತಂಬಾಕು, ಹೆಂಡ ಬಿಟ್ಟರೆ ಮೂರು ತಿಂಗಳ ಬಳಿಕ ಹೊಸ ಬೆಳೆ. ಚಿಕಿತ್ಸೆಗೆ ಹೋಗುವ ಹಿಂದಿನ ವಾರ ಬಿಟ್ಟರೆ ಪ್ರಯೋಜನವಿಲ್ಲ ಎಂಬುದೂ ಇದೇ ಲೆಕ್ಕದಿಂದ ಹೊರಡುತ್ತದೆ.

ಅತಿಯಾದ ಮದ್ಯಪಾನ ಪುರುಷ ಹಾರ್ಮೋನನ್ನು ಕುಗ್ಗಿಸುತ್ತದೆ, ನಿಮಿರುವಿಕೆಯನ್ನೂ ಕೆಡಿಸುತ್ತದೆ. ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆಯೂ ಅಷ್ಟೇ. ಪಟ್ಟಣಗಳಲ್ಲಿ ಹೊಸದಾಗಿ ತಲೆಯೆತ್ತಿರುವ ಜಿಮ್‌ಗಳ ಹುಡುಗರು ತಿಳಿಯಬೇಕಾದ್ದು ಇನ್ನೊಂದಿದೆ. ಮೈ ಹುರಿಗಟ್ಟಿಸಲು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನ್, ಸ್ಟಿರಾಯ್ಡ್‌ಗಳು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಿಬಿಡಬಲ್ಲವು. ಕನ್ನಡಿಯ ಮುಂದೆ ಗಂಡಸ್ತನ ಉಬ್ಬಿದಷ್ಟೂ ಸೂಕ್ಷ್ಮದರ್ಶಕದ ಕೆಳಗೆ ಅದು ಕುಗ್ಗುತ್ತದೆ.

ವೃಷಣಗಳು ದೇಹದ ಹೊರಗಿರುವುದಕ್ಕೆ ಕಾರಣವಿದೆ. ಉಳಿದ ಶರೀರಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿದ್ದರೆ ಮಾತ್ರ ಅವು ಸರಿಯಾಗಿ ಕೆಲಸ ಮಾಡುತ್ತವೆ. ಲಾರಿಯ ಎಂಜಿನ್ ಪಕ್ಕ ದಿನಗಟ್ಟಲೆ ಕೂರುವ ಚಾಲಕ, ಇಟ್ಟಿಗೆ ಗೂಡಿನ ಕೂಲಿ, ಕುಲುಮೆಯ ಮುಂದಿನ ಕಾರ್ಮಿಕ, ಬೇಕರಿಯ ಒಲೆಯ ಮುಂದೆ ನಿಲ್ಲುವ ಹುಡುಗ, ಇವರೆಲ್ಲ ವೈದ್ಯರಿಗೆ ತಮ್ಮ ಉದ್ಯೋಗವನ್ನು ಮೊದಲು ಹೇಳಬೇಕಾದವರು. ಕೇಳದಿದ್ದರೆ ಹೇಳುವುದು ಹೇಗೆ?

ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಈ ನೆಲದಲ್ಲಿ ಕೀಟನಾಶಕದ ಮಾತನ್ನೂ ಆಡಲೇಬೇಕು. ಮುಖಗವಸು, ಕೈಗವಸು ಇಲ್ಲದೆ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆಯುವುದು ಇಲ್ಲಿ ಸಾಮಾನ್ಯ ದೃಶ್ಯ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾಥ್ರಾಪ್ ಎಂಬಲ್ಲಿ ಡಿಬಿಸಿಪಿ ಎಂಬ ಕೀಟನಾಶಕ ತಯಾರಿಸುತ್ತಿದ್ದ ಕಾರ್ಖಾನೆಯ ಕಾರ್ಮಿಕರು, ತಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ಪರಸ್ಪರ ಮಾತನಾಡಿಕೊಂಡರು. ಪರೀಕ್ಷಿಸಿದಾಗ ಹಲವರಲ್ಲಿ ವೀರ್ಯಾಣುಗಳೇ ಇರಲಿಲ್ಲ. ಮುಂದೆ ಆ ರಾಸಾಯನಿಕ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ನಿಷೇಧವಾಯಿತು. ಇಂದು ಇಲ್ಲಿ ಸಿಂಪಡಿಸುವ ಪ್ರತಿ ಔಷಧಿಯೂ ಅಂಥದ್ದೇ ಎಂದು ಹೇಳಲಾಗದು. ಆದರೆ ಅಂದು ವಿಷಯ ಹೊರಬಿದ್ದದ್ದು ಪ್ರಯೋಗಾಲಯದಿಂದಲ್ಲ, ಗಂಡಸರು ಗಂಡಸರ ಬಳಿ ಬಾಯಿ ಬಿಟ್ಟದ್ದರಿಂದ ಎಂಬುದು ನೆನಪಿನಲ್ಲಿಡತಕ್ಕದ್ದು.

ಹೆಣ್ಣಿನ ಕಡೆಯ ಕಾರಣಗಳು ಕಡಿಮೆಯವೇನಲ್ಲ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 30ರಷ್ಟು ಮಂದಿ ಅಧಿಕ ತೂಕದವರು. ಪಿಸಿಒಎಸ್ ಇರುವ ಅಧಿಕ ತೂಕದ ಮಹಿಳೆ ತನ್ನ ತೂಕದ ಶೇ 5ರಿಂದ 10ರಷ್ಟು ಇಳಿಸಿದರೂ ಅನೇಕ ಸಲ ಅಂಡಾಣು ಬಿಡುಗಡೆ ತಾನಾಗಿ ಸರಿಹೋಗುತ್ತದೆ. ಥೈರಾಯ್ಡ್ ಇದೆ, ಗರ್ಭನಾಳವನ್ನು ಮುಚ್ಚುವ ಲೈಂಗಿಕ ಸೋಂಕುಗಳಿವೆ, ನಮ್ಮ ದೇಶದಲ್ಲಿ ಮರೆಯಲಾಗದ ಜನನಾಂಗದ ಕ್ಷಯವಿದೆ. ಇವುಗಳ ತಪಾಸಣೆ ಹೇಗೂ ನಡೆಯುತ್ತಿದೆ. ಪ್ರಶ್ನೆ ಇರುವುದು ಇನ್ನೊಂದು ಬದಿಯದು.

‘ಒಟ್ಟಿಗೆ ಇದ್ದೀರಾ?’

ಗರ್ಭನಿರೋಧಕವಿಲ್ಲದೆ ನಿಯಮಿತವಾಗಿ ಕೂಡಿದರೂ 12 ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ಅದನ್ನು ಸಂತಾನಹೀನತೆ ಎನ್ನುತ್ತಾರೆ. ಈ ವ್ಯಾಖ್ಯೆಯಲ್ಲಿ ‘ನಿಯಮಿತವಾಗಿ’ ಎಂಬ ಪದಕ್ಕೆ ಭಾರ ಹೆಚ್ಚು.

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಭಾಗದ ತಾಂಡಾಗಳಿಂದ, ಹಳ್ಳಿಗಳಿಂದ ಮಳೆ ಕೈಕೊಟ್ಟಾಗಲೆಲ್ಲ ಜನ ಗುಳೆ ಹೋಗುತ್ತಾರೆ. ಮಲೆನಾಡಿನ ಕಾಫಿ ತೋಟ, ಕಬ್ಬಿನ ಗದ್ದೆ, ಬೆಂಗಳೂರಿನ ಕಟ್ಟಡ ಕಾಮಗಾರಿ. ಗಂಡನೊಬ್ಬನೇ ಹೋದರೆ ಬರುವುದು ಯುಗಾದಿಗೋ ದೀಪಾವಳಿಗೋ. ಇಬ್ಬರೂ ಹೋದರೆ ನಾಲ್ಕಾರು ಕುಟುಂಬಗಳು ಒಂದೇ ಶೆಡ್ಡಿನಲ್ಲಿ. ಊರಲ್ಲೇ ಇದ್ದರೂ ಒಂದೇ ಕೋಣೆಯ ಮನೆಯಲ್ಲಿ ಅತ್ತೆ, ಮಾವ, ಮೈದುನರ ನಡುವೆ ಹೊಸ ದಂಪತಿಗೆ ಏಕಾಂತವೆಂಬುದು ಅಪರೂಪ. ಆಷಾಢದಲ್ಲಿ ಮದುಮಗಳು ತವರಿಗೆ ಹೋಗುವ ಪದ್ಧತಿಯಿಂದಾಗುವ ಅಗಲಿಕೆ ಒಂದೇ ತಿಂಗಳದು; ಗುಳೆಯ ಆಷಾಢಕ್ಕೆ ಕೊನೆಯಿಲ್ಲ.

ಗರ್ಭ ನಿಲ್ಲಲು ಅನುಕೂಲವಾದ ದಿನಗಳು ತಿಂಗಳಲ್ಲಿ ಎಷ್ಟು ಎಂಬುದನ್ನು 1995ರಲ್ಲಿ ಅಮೆರಿಕದ ಸಂಶೋಧಕರಾದ ವಿಲ್ಕಾಕ್ಸ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಅಂಡಾಣು ಬಿಡುಗಡೆಯಾಗುವ ದಿನವೂ ಸೇರಿ ಅದರ ಹಿಂದಿನ ಐದು ದಿನ, ಒಟ್ಟು ಆರೇ ದಿನ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಸುಮಾರು ಐದು ದಿನ ಬದುಕಬಲ್ಲದು, ಅಂಡಾಣುವಿನ ಆಯುಷ್ಯ ಒಂದು ದಿನಕ್ಕಿಂತ ಹೆಚ್ಚಿಲ್ಲ. 28 ದಿನದ ಋತುಚಕ್ರದವಳಿಗೆ ಅದು ಹೆಚ್ಚಾಗಿ ಒಂಬತ್ತರಿಂದ ಹದಿನಾಲ್ಕನೇ ದಿನದೊಳಗೆ ಬರುತ್ತದೆ, ಚಕ್ರ ಏರುಪೇರಾದರೆ ಅದೂ ಸರಿಯುತ್ತದೆ. ತಿಂಗಳಿಗೊಮ್ಮೆ ಎರಡು ದಿನದ ರಜೆಯಲ್ಲಿ ಊರಿಗೆ ಬರುವ ಗಂಡನ ಭೇಟಿ ಈ ಆರು ದಿನಗಳಿಗೆ ತಾಳೆಯಾಗದೆ ವರ್ಷವೇ ಉರುಳಬಹುದು. ಅವರಲ್ಲಿ ಯಾರಿಗೂ ಯಾವ ದೋಷವೂ ಇರಬೇಕಿಲ್ಲ. ಆದರೆ ಊರ ಬಾಯಲ್ಲಿ ಅವಳು ಬಂಜೆ.

ವೈದ್ಯರು ಕೇಳುವುದಿಲ್ಲವೆಂದಲ್ಲ. ಜನನಿಬಿಡ ಹೊರರೋಗಿ ವಿಭಾಗದಲ್ಲಿ, ಅತ್ತೆಯೂ ಪಕ್ಕದಲ್ಲಿ ನಿಂತಿರುವಾಗ, ‘ಒಟ್ಟಿಗೆ ಇದ್ದೀರಾ?’ ಎಂದಷ್ಟೇ ಕೇಳಲು ಸಾಧ್ಯ. ಒಂದೇ ಮನೆಯಲ್ಲಿ ಇದ್ದೀರಾ ಎಂದು ಅರ್ಥ ಮಾಡಿಕೊಂಡ ಸೊಸೆ ‘ಹೂಂ’ ಎನ್ನುತ್ತಾಳೆ. ಅಲ್ಲಿಗೆ ಆ ಅಧ್ಯಾಯ ಮುಗಿಯುತ್ತದೆ, ಮಾತ್ರೆಯ ಚೀಟಿ ಹೊರಬರುತ್ತದೆ. ಭಯದಿಂದ ಸ್ನಾಯು ಬಿಗಿದು ಕೂಡುವುದೇ ನೋವಾಗಿರುವ ಹೆಣ್ಣು, ಮೊದಲ ರಾತ್ರಿಯ ಸೋಲಿನಿಂದ ಹೊರಬರಲಾಗದ ಗಂಡು, ಮದುವೆಯಾಗಿ ಎಷ್ಟೋ ಕಾಲವಾದರೂ ನಿಜವಾಗಿ ಕೂಡಿಯೇ ಇಲ್ಲದ ದಂಪತಿ, ಇವರೆಲ್ಲ ಸಂತಾನಹೀನತೆಯ ಸಾಲಿನಲ್ಲಿ ನಿಂತಿರುತ್ತಾರೆಂಬುದು ವೈದ್ಯಕೀಯದಲ್ಲಿ ಹಳೆಯ ತಿಳಿವಳಿಕೆ. ಅವರಿಗೆ ಬೇಕಾದದ್ದು ಆಪ್ತಸಮಾಲೋಚನೆ, ಹಾರ್ಮೋನ್ ಚುಚ್ಚುಮದ್ದಲ್ಲ.

ಮೌನದ ಲಾಭ ಪಡೆಯುವವರು ಬೇರೆಯೇ ಇದ್ದಾರೆ. ಬಸ್ ನಿಲ್ದಾಣಗಳ ಶೌಚಾಲಯದ ಗೋಡೆಗಳಲ್ಲಿ ‘ಗುಪ್ತರೋಗ’, ‘ಸಂತಾನಭಾಗ್ಯ’, ‘ಶರ್ತಿಯಾ ಇಲಾಜು’ ಎಂಬ ಚೀಟಿಗಳು ಕಾಣದ ಊರಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಲೈಂಗಿಕ ನಿಶ್ಶಕ್ತಿ ಹಾಗೂ ಸ್ತ್ರೀ ಬಂಜೆತನಕ್ಕೆ ಔಷಧ ಕೊಡುವುದಾಗಿ ಜಾಹೀರಾತು ನೀಡುವುದನ್ನೇ ನಿಷೇಧಿಸಿದೆ. ಕಾಯ್ದೆಗೆ 70 ವರ್ಷ ದಾಟಿದೆ, ಚೀಟಿಗಳು ಅಲ್ಲೇ ಇವೆ.

ಚಿಕಿತ್ಸೆಯೇ ಒಡ್ಡುವ ಪರೀಕ್ಷೆ

ಸರಿಯಾದ ಆಸ್ಪತ್ರೆ ತಲುಪಿದ ಬಳಿಕವೂ ಸಾಂಗತ್ಯದ ಪ್ರಶ್ನೆ ಬೆನ್ನು ಬಿಡದು. ‘ಇಂತಿಂಥ ದಿನ ಕೂಡಿರಿ’ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟ ಮೇಲೆ ಸಲ್ಲಾಪ ಹೋಗಿ ಕರ್ತವ್ಯ ಉಳಿಯುತ್ತದೆ. ನಿಗದಿತ ದಿನದ ಒತ್ತಡದಲ್ಲಿ ಗಂಡು ವಿಫಲನಾಗುವುದು ಸಾಮಾನ್ಯ; ಅದರ ಬಗ್ಗೆ ಮೊದಲೇ ತಿಳಿಸಿದರೆ ಅರ್ಧ ಭಾರ ಇಳಿಯುತ್ತದೆ. ಹಾಗಾಗಿಯೇ ದಿನ ಎಣಿಸುವ ಬದಲು ಎರಡು ಮೂರು ದಿನಕ್ಕೊಮ್ಮೆ ಕೂಡುವುದು ಸಾಕು ಎಂಬ ಸಲಹೆಯನ್ನು ಇಂದು ಹೆಚ್ಚಾಗಿ ನೀಡಲಾಗುತ್ತದೆ. ‘ಶಕ್ತಿ ಕೂಡಿಡಬೇಕು’ ಎಂದು ಹದಿನೈದಿಪ್ಪತ್ತು ದಿನ ದೂರವಿರುವುದು ತಪ್ಪು. ಬಹುಕಾಲದ ಸಂಯಮದ ನಂತರ ವೀರ್ಯದ ಪ್ರಮಾಣ ಹೆಚ್ಚಿದರೂ ವೀರ್ಯಾಣುಗಳ ಚಲನೆ ಕುಂದುತ್ತದೆ. ಪರೀಕ್ಷೆಗೂ ಎರಡರಿಂದ ಏಳು ದಿನದ ಅಂತರವಷ್ಟೇ ಬೇಕು.

ಇನ್ನು ಮಾದರಿ ಕೊಡುವ ಕ್ಷಣ. ಅಪರಿಚಿತ ನಗರದ ಆಸ್ಪತ್ರೆ, ಕೈಗೆ ಕೊಟ್ಟ ಪುಟ್ಟ ಡಬ್ಬಿ, ಹೊರಗೆ ಕಾಯುತ್ತಿರುವ ಸಾಲು. ಮನೆಯಲ್ಲೇ ಸಂಗ್ರಹಿಸಿ ತರಬಹುದಲ್ಲ ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಾಲಯ ಕೈಪಿಡಿ ಹೇಳುವಂತೆ ಮಾದರಿಯ ಪರೀಕ್ಷೆ ಒಂದು ಗಂಟೆಯೊಳಗೆ ಆರಂಭವಾಗಬೇಕು. ಹಡಗಲಿ ತಾಲ್ಲೂಕಿನ ಹಳ್ಳಿಯಿಂದ ಒಂದು ಗಂಟೆಯಲ್ಲಿ ದಾವಣಗೆರೆಯ ಪ್ರಯೋಗಾಲಯ ಮುಟ್ಟುವ ಬಸ್ಸು ಇಲ್ಲ. ಮೊದಲ ಪರೀಕ್ಷೆ ತಾಲ್ಲೂಕು ಕೇಂದ್ರದಲ್ಲೇ ಆಗಬೇಕೆನ್ನಲು ಇದಕ್ಕಿಂತ ಬಲವಾದ ಕಾರಣ ಬೇಡ.

ಐವಿಎಫ್ ಎಂದರೆ ಖಚಿತ ಫಲ ಎಂಬ ನಂಬಿಕೆಯೂ ಇದೆ. ಮೂವತ್ತೈದರೊಳಗಿನ ಮಹಿಳೆಗೂ ಒಂದು ಯತ್ನದಲ್ಲಿ ಮಗು ಕೈಗೆ ಬರುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆಯೇ, ವಯಸ್ಸು ಏರಿದಂತೆ ಅದು ವೇಗವಾಗಿ ಇಳಿಯುತ್ತದೆ. ಖರ್ಚು ಮಾತ್ರ ಪ್ರತಿ ಸಲವೂ ಪೂರ್ತಿ. ಆಯುಷ್ಮಾನ್ ಭಾರತ್ ವಿಮೆ ಸಂತಾನ ಚಿಕಿತ್ಸೆಯನ್ನು ಹೊರಗಿಟ್ಟಿದೆ. ನೆರೆಯ ಗೋವಾ ತನ್ನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ 2023ರಲ್ಲಿ ಉಚಿತ ಐವಿಎಫ್ ಸೇವೆ ಆರಂಭಿಸಿತು. ಪಶ್ಚಿಮ ತಾಲ್ಲೂಕಿನ ಕುಟುಂಬಕ್ಕೆ ಉಳಿದಿರುವುದು ಹೊಲ ಅಡ ಇಡುವ ದಾರಿ. ಅಂಥವರಿಗೆ ತಿಳಿದಿರಬೇಕಾದ್ದಿಷ್ಟು: 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯಂತೆ ಐಯುಐ, ಐವಿಎಫ್ ನಡೆಸುವ ಪ್ರತಿ ಕೇಂದ್ರಕ್ಕೂ ನೋಂದಣಿ ಕಡ್ಡಾಯ, ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷದ ಮಿತಿಯಿದೆ. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದು ರೋಗಿಯ ಹಕ್ಕು.

ಗಂಡನ ಪರೀಕ್ಷೆ ತಡವಾದಷ್ಟೂ ಹೆಂಡತಿಯ ವಯಸ್ಸು ಸರಿಯುತ್ತದೆ ಎಂಬುದೇ ಇಲ್ಲಿನ ನಿಜವಾದ ನಷ್ಟ. ಆ ನಡುವೆ ‘ಇನ್ನೊಂದು ಮದುವೆ ಮಾಡೋಣ’ ಎಂಬ ಮಾತು ಮನೆಯಲ್ಲಿ ಎದ್ದಿರುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಕ್ಕಳಾಗದಿರುವುದು ವಿಚ್ಛೇದನಕ್ಕೆ ಕಾರಣವೇ ಅಲ್ಲ. ಹೆಂಡತಿ ಇರುವಾಗಲೇ ಮತ್ತೊಂದು ಮದುವೆಯಾಗುವುದು ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್‌ನಂತೆ ಅಪರಾಧ. ಎರಡನೆಯವಳಿಗೂ ಮಗುವಾಗದೆ ಹೋದಾಗಷ್ಟೇ ಗಂಡನ ಪರೀಕ್ಷೆಯ ಮಾತು ಬಂದರೆ ಅಷ್ಟರಲ್ಲಿ ಇಬ್ಬರು ಹೆಣ್ಣುಮಕ್ಕಳ ಬದುಕು ಹಾಳಾಗಿರುತ್ತದೆ.

ತಾಲ್ಲೂಕು ಆಸ್ಪತ್ರೆ ಏನು ಮಾಡಬಹುದು

ವೀರ್ಯ ಪರೀಕ್ಷೆಗೆ ಬೇಕಾದ ಮುಖ್ಯ ಸಲಕರಣೆ ಸೂಕ್ಷ್ಮದರ್ಶಕ. ಕಫ ಪರೀಕ್ಷೆ, ಮಲೇರಿಯಾ ರಕ್ತಲೇಪನ ನೋಡುವ ತಾಲ್ಲೂಕು ಪ್ರಯೋಗಾಲಯದಲ್ಲಿ ಅದು ಇದ್ದೇ ಇದೆ. ಎಣಿಕೆಗೆ ತರಬೇತಿ ಬೇಕು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಚೊಕ್ಕ ಕೊಠಡಿ ಬೇಕು. ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಚಲನೆ ಶೇ 42 ಎಂಬ ಕನಿಷ್ಠ ಅಳತೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಕೊಟ್ಟಿದೆ. ಒಂದು ವರದಿ ಕೆಟ್ಟರೆ ಗಾಬರಿಯಾಗದೆ ಕೆಲ ವಾರಗಳ ನಂತರ ಮತ್ತೊಮ್ಮೆ ನೋಡಬೇಕೆಂಬುದೂ ನಿಯಮ. ಜ್ವರ ಬಂದು ಹೋದ ಗಂಡಸಿನಲ್ಲಿ ಕೂಡ ಅಂಕಿ ತಾತ್ಕಾಲಿಕವಾಗಿ ಇಳಿಯುತ್ತದೆ.

ಆಪ್ತಸಮಾಲೋಚನೆಗೆ ಹೊಸ ಹುದ್ದೆ ಸೃಷ್ಟಿಸಬೇಕೆಂದೇನಿಲ್ಲ. ಎಚ್‌ಐವಿ ನಿಯಂತ್ರಣ ಕಾರ್ಯಕ್ರಮದ ಐಸಿಟಿಸಿ ಕೇಂದ್ರಗಳಲ್ಲಿ ಲೈಂಗಿಕ ಬದುಕಿನ ಪ್ರಶ್ನೆಗಳನ್ನು ಬಾಗಿಲು ಮುಚ್ಚಿ, ನಾಚಿಕೆಗೆ ಎಡೆಕೊಡದೆ ಕೇಳಲು ಕಲಿತ ಸಮಾಲೋಚಕರಿದ್ದಾರೆ. ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್‌ಗಳಿವೆ. ಮಕ್ಕಳಾಗದ ದಂಪತಿಯನ್ನು, ಅತ್ತೆಯನ್ನು ಹೊರಗೆ ಕೂರಿಸಿ, ಮೊದಲು ಇವರ ಬಳಿ ಕಳುಹಿಸಿದರೆ ಅರ್ಧ ಗಂಟೆಯ ಮಾತಿನಲ್ಲೇ ಗುಳೆಯ ಕತೆ, ಚಟದ ಕತೆ, ಕೂಡದ ಕತೆ ಹೊರಬರಬಹುದು.

ದಿನ ಆರಿಸುವುದೂ ಮುಖ್ಯ. ವರ್ಷವಿಡೀ ಹೊರಗಿರುವ ಗಂಡಸರು ಯುಗಾದಿ, ದೀಪಾವಳಿಗೆ, ಮೈಲಾರದ ಜಾತ್ರೆಗೆ, ಕೊಟ್ಟೂರೇಶ್ವರನ ತೇರಿಗೆ ಊರಿಗೆ ಬರುತ್ತಾರೆ. ಆ ದಿನಗಳಲ್ಲಿ ಆಸ್ಪತ್ರೆಗಳು ಗಂಡಸರ ತಪಾಸಣೆಯ ಬಾಗಿಲು ತೆರೆದಿಟ್ಟರೆ, ಆಶಾ ಕಾರ್ಯಕರ್ತೆಯರು ಸೊಸೆಯ ಬದಲು ಮಗನ ಹೆಸರನ್ನು ಬರೆದುಕೊಂಡರೆ, ಹಬ್ಬ ಮುಗಿಸಿ ಬಸ್ಸು ಹತ್ತುವ ಮೊದಲು ವರದಿ ಅವನ ಕೈಯಲ್ಲಿರುತ್ತದೆ. ಮುಂದಿನ ಹಬ್ಬಕ್ಕೆ ಬರುವಷ್ಟರಲ್ಲಿ ತಂಬಾಕು ಬಿಡಲು ಬೇಕಾದ ಮೂರು ತಿಂಗಳೂ ಕಳೆದಿರುತ್ತವೆ.